ಒಂದೇ ದರದ ಊರಿಗೆ ರೈಲಿನಲ್ಲಿ

ಫಿಲಡೆಲ್ಫಿಯಾದಿಂದ ನಮ್ಮ ರೈಲು ಹೊರಟದ್ದು ಮಧ್ಯಾಹ್ನ ಒಂದು ಗಂಟೆಗೆ ಸ್ವಲ್ಪ ಮುಂಚೆ. ಟಿಕೆಟಿಗೆ ತಲೆಗೆ ಐವತ್ತೆಂಟು ಡಾಲರ್. ಮೂರು ವಾರ ಮೊದಲೇ ತೆಗೆದಿದ್ದರೆ ಹತ್ತು ಡಾಲರಾದರೂ ಉಳಿಯುತ್ತಿತ್ತು; ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಬುತ್ತಿಯನ್ನೂ ಕಟ್ಟಿಕೊಂಡೇ ಹತ್ತಿ. ರೈಲಿನಲ್ಲಿ ಸಿಗುವ ತಣ್ಣಗಿನ ಬ್ರೆಡ್ಡಿಗೆ ಕೊಟ್ಟ ದುಡ್ಡಿನಲ್ಲಿ ಪುತ್ತೂರಿನಲ್ಲಿ ನಾಲ್ಕು ಜನ ಊಟ ಮಾಡಬಹುದು.

ನಾನು ಬೆಳ್ಳಾರೆಯಲ್ಲಿ ಕೊಕ್ಕೊ ಕೊಂಡು ಮಾರುವವಳು. ಎರಡು ಗೋಣಿಯಿಂದ ಶುರುಮಾಡಿದ್ದು. ಈಗ ಸುಳ್ಯ, ಕಡಬ ಕಡೆಯ ಹದಿನೆಂಟು ಮನೆಗಳ ಹಸಿ ಬೀಜ ನನ್ನ ಶೆಡ್ಡಿಗೆ ಬರುತ್ತದೆ. ಎರಡು ವರ್ಷದಿಂದ ಅದನ್ನು ಮರದ ಪೆಟ್ಟಿಗೆಗಳಲ್ಲಿ ಹುಳಿ ಬರಿಸಿ, ಒಣಗಿಸಿ, ಒಳ್ಳೆಯ ಚಾಕೊಲೇಟಿಗೆ ಬೇಕಾದ ಹದಕ್ಕೆ ತರುತ್ತಿದ್ದೆವು. ಆದರೆ ಆ ಹದಕ್ಕೆ ತಕ್ಕ ಬೆಲೆ ಕೊಡುವ ಗಿರಾಕಿ ಸಿಕ್ಕಿರಲಿಲ್ಲ. ಈ ಸಲ ಸಿಗದಿದ್ದರೆ ಪೆಟ್ಟಿಗೆಗಳನ್ನು ಒಡೆದು ಒಲೆಗೆ ಹಾಕಿ, ಮತ್ತೆ ಹಸಿ ಬೀಜವನ್ನೇ ಲಾರಿಗೆ ತುಂಬುವುದೆಂದು ನಿಶ್ಚಯಿಸಿ ಬಂದಿದ್ದೆ. ಜೊತೆಗೆ ಬಂದವರು ಪುತ್ತೂರಿನ ವಿಶ್ವಣ್ಣ. ನಮ್ಮ ಒಣಗಿಸುವ ಯಂತ್ರ ಅವರು ಮಾಡಿದ್ದು. ಹತ್ತು ವರ್ಷ ಗಲ್ಫಿನ ವರ್ಕ್‌ಶಾಪಿನಲ್ಲಿ ಇದ್ದವರು. ಇಂಗ್ಲಿಷ್ ನನಗಿಂತ ಚೆನ್ನ.

ನಾವು ಹೋಗಬೇಕಾದದ್ದು ಆಲ್ಟೂನಾಕ್ಕೆ, ನಾಲ್ಕು ಗಂಟೆಗೂ ಮೀರಿದ ದಾರಿ. ಅಲ್ಲಿ ವಾಲ್ಟರ್ ಎಂಬವರು ಹಳೆಯ ರೈಲ್ವೆ ಕಟ್ಟಡವೊಂದರಲ್ಲಿ ಚಾಕೊಲೇಟ್ ಮಾಡುತ್ತಾರೆ. ಹದಿನೆಂಟು ಮನೆಗಳ ವಿವರ ಬರೆದು ಕಳಿಸಿದ ನಮ್ಮ ಸ್ಯಾಂಪಲ್ ಹಿಡಿಸಿದೆ, ಬನ್ನಿ ಎಂದಿದ್ದರು. ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಬೋಗಿಯಿಂದ ಬೋಗಿಗೆ ಮೂರು ಸಲ ಹೋಗಿ ಬಂದೆ.

"ಒಂದು ಕಡೆ ಕೂತ್ಕೊಳ್ಳಿ ಅಕ್ಕ. ನೀವು ನಡೆದ್ರೆ ರೈಲು ಬೇಗ ಮುಟ್ಟುದಿಲ್ಲ," ಎಂದರು ವಿಶ್ವಣ್ಣ.

ಹೊರಗೆ ನದಿ ನಮ್ಮ ಜೊತೆಗೇ ಬರುತ್ತಿತ್ತು. ಅದರ ದಂಡೆಯಲ್ಲಿ ಇಟ್ಟಿಗೆಯ ಚಿಮಣಿಗಳು, ಛಾವಣಿ ಹಾರಿಹೋದ ಕಾರ್ಖಾನೆಗಳು, ಒಳಗಿಂದಲೇ ಮರ ಎದ್ದ ಗೋಡೆಗಳು. ನೂರೈವತ್ತು ವರ್ಷದ ಹಿಂದೆ ಇಲ್ಲಿ ಹೊಗೆ ಕಾಣದ ದಿನವೇ ಇರಲಿಲ್ಲವಂತೆ. ಇಷ್ಟೆಲ್ಲ ಕಾರ್ಖಾನೆ ಹೇಗೆ ಎದ್ದವು ಎಂದು ವಿಶ್ವಣ್ಣನನ್ನು ಕೇಳಿದೆ.

"ಹಳಿಗೆ ಕಬ್ಬಿಣ ಬೇಕು, ಕಬ್ಬಿಣ ಕರಗಿಸ್ಲಿಕ್ಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ತರ್ಲಿಕ್ಕೆ ಪುನಃ ಹಳಿ ಬೇಕು. ಒಂದಕ್ಕೊಂದು ಗಿರಾಕಿ," ಎಂದರು ಅವರು. ಇಂಥ ವ್ಯಾಪಾರವನ್ನು ನಾನು ಮೆಚ್ಚದಿರುವುದು ಹೇಗೆ?

ಆಲ್ಟೂನಾ ಸೇರುವಾಗ ಐದು ಗಂಟೆ. ಅಕ್ಟೋಬರಿನ ಚಳಿ ಕಿವಿಗೆ ಕಚ್ಚುತ್ತಿತ್ತು. ಕಿವಿ ಮುಚ್ಚುವ ಟೊಪ್ಪಿ ಇಲ್ಲದೆ ಯಾರೂ ಹೋಗಬೇಡಿ. ಮುಂದಿನ ಬೆಟ್ಟ ಹತ್ತುವ ಮೊದಲು ಇಂಜಿನ್ ಸಜ್ಜುಮಾಡಿಕೊಳ್ಳಲು ರೈಲುಗಳಿಗೆ ಒಂದು ತಂಗುದಾಣ ಬೇಕಿತ್ತು. ಅದಕ್ಕಾಗಿ ರೈಲ್ವೆ ಕಂಪನಿಯೇ ಕಟ್ಟಿದ ಊರು ಅದು. ಇಂಜಿನ್ ಕಟ್ಟುವವರು, ಗಾಲಿ ಎರಕ ಹೊಯ್ಯುವವರು, ಅವರಿಗೆ ಬ್ರೆಡ್ಡು ಸುಡುವವರು, ಎಲ್ಲರೂ ಹಳಿಯ ಹಿಂದೆ ಬಂದವರು. ನಮ್ಮಲ್ಲಿ ಊರು ಇದ್ದಲ್ಲಿಗೆ ರೈಲು ಬಂತು. ಇಲ್ಲಿ ಲೆಕ್ಕ ತಿರುವುಮುರುವು.

ಮರುದಿನ ಎರಡು ಗಂಟೆಗೆ ವಾಲ್ಟರ್ ಅವರಲ್ಲಿಗೆ ಹೋದೆವು. ಎತ್ತರದ ಆಳು, ಎಪ್ಪತ್ತರ ಹತ್ತಿರ, ಏಪ್ರನ್ ತುಂಬ ಕೊಕ್ಕೊ ಹುಡಿ. ಹಿಂದೆ ಬೋಗಿಗಳಿಗೆ ಬಣ್ಣ ಹೊಡೆಯುತ್ತಿದ್ದ ಜಾಗವನ್ನು ತೋರಿಸುತ್ತ ತನ್ನ ಮುತ್ತಜ್ಜನ ಕತೆ ಹೇಳಿದರು. ಮುತ್ತಜ್ಜನಿಗೆ ಸಣ್ಣ ಮರದ ಮಿಲ್ಲು ಇತ್ತಂತೆ. ರೈಲ್ವೆಯವರು ಪಕ್ಕದ ದೊಡ್ಡ ಮಿಲ್ಲಿಗೆ ಗುಟ್ಟಾಗಿ ಸಾಗಾಟದ ದರ ಇಳಿಸಿ, ಮುತ್ತಜ್ಜನಿಂದ ಪೂರಾ ದರ ತೆಗೆದುಕೊಂಡರಂತೆ. ಆ ಕಾಲದಲ್ಲಿ ಹೀಗೆ ಮುಳುಗಿದ ಸಣ್ಣವರು ಬಹಳ. ಮಿಲ್ಲು ಮುಚ್ಚಿ, ಅದೇ ರೈಲ್ವೆಯಲ್ಲಿ ಕೂಲಿಗೆ ಸೇರಿದ ಮನುಷ್ಯ, ಇದೇ ಗೋಡೆಯೊಳಗೆ ಸಾಯುವ ತನಕ ಬಣ್ಣ ಹೊಡೆದರಂತೆ. ನಾನು ತಲೆಯಾಡಿಸುತ್ತಿದ್ದೆ, ಮನಸ್ಸೆಲ್ಲ ದರದ ಮೇಲೆ.

ಅವರು ಹೇಳಿದ ದರ ಒಳ್ಳೆಯದೇ. ಹಾಗೆಂದು ಮೊದಲ ದರಕ್ಕೆ ಒಪ್ಪಿದರೆ ನಾನು ಬೆಳ್ಳಾರೆಯವಳೇ ಅಲ್ಲ. "ಬೇರೆಯವರಿಗೆ ಹೇಳುವುದು ಬೇಡ, ನನಗೆ ಮಾತ್ರ ಸ್ವಲ್ಪ ಮೇಲೆ ಮಾಡಿ," ಎಂದೆ.

"ದರ ಎಲ್ಲರಿಗೂ ಒಂದೇ," ಎಂದರು ವಾಲ್ಟರ್.

ನಮ್ಮಲ್ಲಿ ವ್ಯಾಪಾರ ಕಲಿತವರಿಗೆಲ್ಲ ಗೊತ್ತು: ದರ ಕುದುರದಿದ್ದರೆ ಎದ್ದು ನಡೆಯಬೇಕು, ಹಿಂದೆ ನೋಡಬಾರದು. ಹತ್ತು ಹೆಜ್ಜೆಯೊಳಗೆ ಕರೆ ಬರುತ್ತದೆ. ಸ್ಯಾಂಪಲಿನ ಚೀಲ ಹೆಗಲಿಗೇರಿಸಿ ಎದ್ದೆ. ಹಿಂದಿನಿಂದ ವಾಲ್ಟರ್ ಸ್ವರ ಬಂತು: "ಇಷ್ಟು ದೂರ ಬಂದದ್ದಕ್ಕೆ ಸಂತೋಷ. ಹೊರಗೆ ಮೆಟ್ಟಿಲು ಜಾರುತ್ತದೆ, ಜಾಗ್ರತೆ."

ಮೆಟ್ಟಿಲಲ್ಲಿ ಬೂಟಿನ ಲೇಸು ಬಿಚ್ಚಿ ಕಟ್ಟಿದೆ. ಗೇಟಿನ ಬಳಿ ಮತ್ತೊಮ್ಮೆ ಬಿಚ್ಚಿ ಕಟ್ಟಿದೆ. ಯಾರೂ ಕರೆಯಲಿಲ್ಲ. ಹಳಿಗಳ ಮೇಲಿನ ಕಾಲುಸೇತುವೆಯ ತನಕ ಹೋಗಿ ನಿಂತೆವು. ಆಗ ನಾಲ್ಕು ಗಂಟೆ. ಪಿಟ್ಸ್‌ಬರ್ಗಿಗೆ ಹೋಗುವ ನಮ್ಮ ರೈಲು ಐದಕ್ಕೆ. ಅದು ತಪ್ಪಿದರೆ ಮರುದಿನ ಬೆಳಗಿನ ವಿಮಾನವೂ ತಪ್ಪಿದ ಹಾಗೆ. ಕೆಳಗೆ ಗೂಡ್ಸ್ ರೈಲೊಂದು ಮುಗಿಯುವ ಲಕ್ಷಣವಿಲ್ಲದೆ ಹೋಗುತ್ತಲೇ ಇತ್ತು.

"ಕರೀತಾರೆ," ಎಂದೆ.

"ಎಂತ ಕರೆಯುದು? ಗುಟ್ಟಿನ ದರದಿಂದ ಮುಳುಗಿದ ಮನೆ ಮಾರಾಯ್ರೆ ಅದು. ಮುತ್ತಜ್ಜನ ಕತೆ ಅಷ್ಟು ಚೆಂದ ಮಾಡಿ ಹೇಳಿದ್ರು. ನೀವು ಅವರತ್ರವೇ ಗುಟ್ಟಿನ ದರ ಕೇಳಿದ್ರಿ."

ನಾನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದೆ.

"ನಾಚಿಕೆ ಆಗುದಾದ್ರೆ ನಾನು ಮುಂದೆ ಹೋಗ್ತೇನೆ," ಎಂದರು ವಿಶ್ವಣ್ಣ. "ಪೆಟ್ಟಿಗೆ ಒಡೆಯುದಕ್ಕಿಂತ ಅದು ಸುಲಭ ಅಲ್ವಾ?"

ಎದ್ದು ಬಂದ ಅಂಗಡಿಗೆ ಕರೆಯದೆ ಮರಳಿ ಹೋದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ವಾಲ್ಟರ್ ಟ್ರೇ ತೊಳೆಯುತ್ತಿದ್ದರು. ನಿಮ್ಮ ದರಕ್ಕೆ ಒಪ್ಪಿದೆ ಎಂದೆ. ಅವರು ಕೈ ಒರೆಸಿಕೊಂಡು ಕುರ್ಚಿ ತೋರಿಸಿದರು.

"ನೀವು ಆ ಹದಿನೆಂಟು ಮನೆಗಳಿಗೆ ಕೊಡುವ ದರವೂ ಒಂದೇ ತಾನೆ?" ಎಂದು ಕೇಳಿದರು.

ಚೌಕಾಸಿ ಮಾಡುವವರಿಗೆ ನಾನು ಕಿಲೋಗೆ ನಾಲ್ಕೈದು ರೂಪಾಯಿ ಹೆಚ್ಚು ಕೊಡುತ್ತೇನೆ. ಇಚಿಲಂಪಾಡಿಯ ಗಿರಿಜಕ್ಕನಂಥವರು ಗೋಣಿ ಇಳಿಸಿ, ಕೊಟ್ಟದ್ದನ್ನು ಸೆರಗಿಗೆ ಕಟ್ಟಿಕೊಂಡು ಹೋಗುತ್ತಾರೆ; ಅವರಿಗೆ ಕಡಿಮೆ. ಕೇಳದವರಿಗೆ ಹೆಚ್ಚು ಕೊಡುವುದು ಯಾವ ಸೀಮೆಯ ವ್ಯಾಪಾರ ಎಂದು ನಾನು ತಿಳಿದಿದ್ದೆ. ಆ ಹೊತ್ತಿಗೆ ನನಗೆ ಇಂಗ್ಲಿಷ್ ಮರೆತ ಹಾಗಾಯಿತು. ವಿಶ್ವಣ್ಣನ ಮುಖ ನೋಡಿದೆ.

"ಇದನ್ನು ನೀವೇ ಹೇಳಿ ಅಕ್ಕ," ಎಂದರು ಅವರು.

"ಒಂದೇ ಅಲ್ಲ," ಎಂದೆ.

ಶೆಡ್ಡಿನ ಹೊರಗೆ ಎಲ್ಲರಿಗೂ ಕಾಣುವ ಹಾಗೆ ಒಂದೇ ದರದ ಬೋರ್ಡು ಹಾಕಬೇಕು, ಹಾಗಾದರೆ ಮೊದಲಿಗೆ ಹತ್ತು ಗೋಣಿ ತೆಗೆದುಕೊಳ್ಳುತ್ತೇನೆ ಎಂದರು ವಾಲ್ಟರ್. ಬರುವ ವರ್ಷದಿಂದ ಹಾಕಿದರೆ ಸಾಲದೇ ಎಂದು ಕೇಳಿದೆ. "ಈ ಕೊಯ್ಲಿನಿಂದ," ಎಂದರು. ಕರಾರಿಗೆ ರುಜು ಹಾಕಿ ಸ್ಟೇಷನ್ನಿಗೆ ಓಡಿದೆವು.

ಊರು ಬಿಟ್ಟು ಸ್ವಲ್ಪ ಹೊತ್ತಿಗೆ ರೈಲು ಬೆಟ್ಟದ ದೊಡ್ಡ ತಿರುವಿಗೆ ಬಂತು. ಲಾಳದ ಆಕಾರದ ಆ ದಾರಿಯನ್ನು ಹೊಟ್ಟೆಪಾಡಿಗೆ ಐರ್ಲೆಂಡಿನಿಂದ ಬಂದ ಕೂಲಿಗಳು ಗುದ್ದಲಿ, ಪಿಕಾಸಿಯಲ್ಲಿ ಕಡಿದದ್ದಂತೆ. ಸುಬ್ರಹ್ಮಣ್ಯದ ಘಾಟಿಯಲ್ಲಿ ಕಾಣುವ ಹಾಗೆ ನಮ್ಮದೇ ರೈಲಿನ ತಲೆ ಕಿಟಕಿಯಿಂದ ಕಂಡಿತು. ವಿಶ್ವಣ್ಣ ಫೋಟೊ ತೆಗೆದದ್ದೇ ತೆಗೆದದ್ದು. ನಾನು ಗಿರಿಜಕ್ಕ ಎಷ್ಟು ವರ್ಷದಿಂದ ಬೀಜ ತರುತ್ತಿದ್ದಾರೆಂದು ಎಣಿಸಿದೆ, ಒಂಬತ್ತಕ್ಕೆ ಬಂದು ನಿಲ್ಲಿಸಿದೆ.

ಬೆಳ್ಳಾರೆಗೆ ಬಂದ ಮೂರನೆಯ ದಿನ ಬೋರ್ಡು ಏರಿತು. ಚೌಕಾಸಿಯವರು ಗೊಣಗಿದರು, ಆದರೆ ಬೀಜ ಇಳಿಸಿದರು. ಹನ್ನೊಂದು ಗಂಟೆಯ ಬಸ್ಸಿಗೆ ಗಿರಿಜಕ್ಕ ಬಂದು, ಬೋರ್ಡನ್ನು ನಿಧಾನ ಓದಿದರು.

"ಇದು ಎಲ್ಲರಿಗೂ ಉಂಟಾ ಅಕ್ಕ?"

"ಎಲ್ಲರಿಗೂ."

"ಮೊದ್ಲು?"

"ಮೊದಲು ಹಾಗೆ ಇರಲಿಲ್ಲ," ಎಂದೆ.

ಗಿರಿಜಕ್ಕ ಬೋರ್ಡಿನಿಂದ ನನ್ನ ಕಡೆಗೆ ತಿರುಗಿದರು. "ನನಗೆ ಕೇಳ್ಲಿಕ್ಕೆ ಗೊತ್ತಿಲ್ಲದೆ ಅಲ್ಲ. ನಿಮ್ಮತ್ರ ಕೇಳ್ಬೇಕಾಗಿಲ್ಲ ಅಂತ ಎಣಿಸಿದ್ದೆ," ಎಂದರು. ಆಮೇಲೆ ಗೋಣಿಯನ್ನು ತಕ್ಕಡಿಯ ಮೇಲಿಟ್ಟು, ಕನ್ನಡಕ ಹಾಕಿಕೊಂಡು, ಮೊದಲ ಸಲ ಬಗ್ಗಿ ತೂಕವನ್ನು ತಾವೇ ನೋಡಿದರು.