ರುಖವತದ ಗಾಡಿ

ನಮ್ಮ ಶಿವಾನಿಗೆ ಸುಮ್ಮನೆ ಕೂರುವುದು ಗೊತ್ತಿಲ್ಲ. ಊಟಕ್ಕೆ ಕೂತರೂ ಬೆರಳು ಏನಾದರೊಂದನ್ನು ತಿರುವುತ್ತಿರಬೇಕು, ನಮ್ಮ ಜೊತೆ ಮಾತಾಡುತ್ತಿದ್ದರೂ ಕಣ್ಣು ರಸ್ತೆಯ ಮೇಲಿರಬೇಕು. ಆಕೆ ನನ್ನ ಅಕ್ಕ ಪ್ರೇಮಾಬಾಯಿಯ ಒಬ್ಬಳೇ ಮಗಳು. ಭಾವ ಕಾಶೆಪ್ಪ ಬಸವಕಲ್ಯಾಣದ ಕಡೆಯವರು. ಗಡಿಯಾಚೆಯ ಉಮರ್ಗಾದಲ್ಲಿ ಹೈವೇ ಮಗ್ಗುಲಿಗೆ, ನೆಗ್ಗಿದ ಗಾಡಿಗಳನ್ನು ಬಡಿದು ನೆಟ್ಟಗೆ ಮಾಡಿ ಬಣ್ಣ ಹೊಡೆಯುವ ಗ್ಯಾರೇಜು ಇಟ್ಟಿದ್ದಾರೆ. ಹುಡುಗಿ ಬೆಳೆದದ್ದೇ ಆ ತಗಡು ಬಡಿಯುವ ಸದ್ದಿನಲ್ಲಿ.

ಓರಗೆಯ ಹುಡುಗಿಯರು ರಂಗೋಲಿಗೆ ಚುಕ್ಕೆ ಇಡುವಾಗ ಇವಳು ಪುಟ್ಟ ಗಾಡಿ ಕಟ್ಟುತ್ತಿದ್ದಳು. ಆಟಿಕೆ ಎಂದು ಬಾಯಿತಪ್ಪಿ ಅಂದರೂ ಮುಖ ಉಬ್ಬುತ್ತದೆ. ದೊಡ್ಡ ಗಾಡಿಯ ಅಳತೆ ಹಿಡಿದು, ಅದೇ ಲೆಕ್ಕದಲ್ಲಿ ಎಲ್ಲವನ್ನೂ ಕಿರಿದು ಮಾಡಿ ಕಟ್ಟಿದ ಗಾಡಿ ಅದು. ಟೈರಿಗೆ ಹವಾಯಿ ಚಪ್ಪಲಿಯ ರಬ್ಬರು, ಗಾಜಿಗೆ ತೊಳೆದ ಎಕ್ಸರೇ ಫಿಲ್ಮು. ಹೆಡ್‌ಲೈಟು ಬೇಕೆಂದು ನನ್ನ ಬಿಪಿ ಗುಳಿಗೆಯ ಖಾಲಿ ಪಟ್ಟಿಗಳನ್ನೆಲ್ಲ ಒಯ್ದಿದ್ದಾಳೆ. ಅಪ್ಪನ ಗ್ಯಾರೇಜಿನಲ್ಲಿ ಉಳಿದ ಲಾಂಬಿ ಅನ್ನುವ ಪುಟ್ಟಿಯಿಂದ ಸಂದು ತುಂಬಿ, ಒಣಗಿದ ಮೇಲೆ ನುಣ್ಣಗೆ ತಿಕ್ಕಿ ಬಣ್ಣ ಹೊಡೆಯುತ್ತಾಳೆ.

ಆಮೇಲೆ ಶುರುವಾಗುತ್ತದೆ ನೋಡಿ, ನನ್ನ ತಲೆ ಕೆಡಿಸುವ ಕೆಲಸ. ಹೊಳೆಯುವ ಗಾಡಿಯನ್ನು ಕೂತು ಹಳೆಯದು ಮಾಡುತ್ತಾಳೆ! ಜರಡಿ ಹಿಡಿದ ಕರಿಮಣ್ಣು ಚಕ್ರದ ಮೇಲೆ ಮೆತ್ತುತ್ತಾಳೆ, ಚಹಾದ ಕಪ್ಪು ನೀರಲ್ಲಿ ಕುಂಚ ಅದ್ದಿ ತುಕ್ಕು ಬರೆಯುತ್ತಾಳೆ.

"ಚಂದ ಇದ್ದದ್ದು ಯಾಕ ಹೊಲಸ ಮಾಡ್ತಿ?" ಎಂದು ಒಮ್ಮೆ ಕೇಳಿದೆ.

"ಮೌಶಿ, ರಸ್ತಾದಾಗ ಓಡಿದ್ದು ಕಾಣಬೇಕು" ಅಂದಳು. ನನಗೇನು ತಿಳಿಯಬೇಕು!

ದೀಪಾವಳಿ ಕಳೆದ ಮೇಲೆ ವಲಾಂಡಿಯಿಂದ ಹೆಣ್ಣು ನೋಡಲು ಬಂದರು. ಹುಡುಗ ಋಷಿಕೇಶ, ಅವನ ತಂದೆ ಕಲ್ಯಾಣಪ್ಪ. ತಲೆಮಾರುಗಳಿಂದ ಹೊಲ ಮಾಡಿಕೊಂಡು ಬಂದ ಮನೆ. ನಾನೂ ನಿಲಂಗಾದಿಂದ ಹೋಗಿದ್ದೆ. ಹುಡುಗನೇ ಬಿಳಿ ಬೊಲೆರೊ ಓಡಿಸಿಕೊಂಡು ಬಂದ. ಹಿಂದೆ ಮುಂದೆ ಮಾಡಿ ಮಾಡಿ, ಎಡಮಗ್ಗುಲನ್ನು ನಮ್ಮ ಕಾಂಪೌಂಡಿನ ಗೋಡೆಗೆ ಅಂಟಿಸಿದಂತೆ ನಿಲ್ಲಿಸಿದ. ಕೈಚಳಕ ತೋರಿಸುತ್ತಿದ್ದಾನೆ ಅಂದುಕೊಂಡೆವು.

ಹುಡುಗಿಗೆ ಏನೇನು ಬರುತ್ತದೆ ಎಂದು ಕಲ್ಯಾಣಪ್ಪ ಕೇಳಿದರು. ಪ್ರೇಮಕ್ಕ ರೆಪ್ಪೆ ಬಡಿಯದೆ "ಕಸೂತಿ ಭಾಳ ಛಂದ ಹಾಕ್ತಾಳ್ರೀ" ಅಂದುಬಿಟ್ಟಳು. ಶಿವಾನಿ ಜೀವನದಲ್ಲಿ ಗುಂಡಿ ಹಚ್ಚಿದವಳಲ್ಲ. ಚಹಾ ತರುತ್ತೇನೆಂದು ಎದ್ದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಮಹಾರಾಯ್ತಿ ಗೋಡೆಗೂ ಗಾಡಿಗೂ ನಡುವಿನ ಸಂದಿಯಲ್ಲಿ, ಸೀರೆ ಎತ್ತಿ ಕಟ್ಟಿಕೊಂಡು ಅಡ್ಡಡ್ಡ ಸರಿಯುತ್ತಿದ್ದಾಳೆ.

ಅವರು ಹೋದ ಮೇಲೆ "ಹುಡುಗ ಹೆಂಗದಾನ?" ಎಂದು ಕೇಳಿದೆ.

"ಗಾಡಿ ಚಲೋ ಇಟ್ಟಾರ ಮೌಶಿ. ಎಡಗಡೆ ಹಿಂದಿನ ಬಾಗಲಾ ಒಂದೇ ನೆಗ್ಗ್ಯಾದ."

ಸಂಬಂಧ ಕೂಡಿತು. ಅಲ್ಲಿಂದ ಶಿವಾನಿಗೆ ಕಾಲು ಒಂದೆಡೆ ನಿಲ್ಲದಂತಾಯಿತು. ಆ ಮನೆಯಲ್ಲಿ ಈ ಕೆಲಸ ಮಾಡಗೊಡುತ್ತಾರೋ ಇಲ್ಲವೋ, ಅದೊಂದೇ ಚಿಂತೆ. ಕೇಳಿಬಿಡೋಣ ಎಂದರೆ ಪ್ರೇಮಕ್ಕ ಅವಳ ಫೋನು ಕಿತ್ತುಕೊಳ್ಳುತ್ತಿದ್ದಳು. "ಹೆಣ್ಣುಮಗಳು ಗಾಡಿ ಮಾಡ್ತಾಳಂದ್ರ ನಗ್ತಾರ. ಲಗ್ನ ಆಗ್ಲಿ, ಆಮ್ಯಾಲಿಂದು ಆಮ್ಯಾಲ" ಅನ್ನುತ್ತಿದ್ದಳು.

"ಆಮ್ಯಾಲ ಬ್ಯಾಡ ಅಂದ್ರ ಈ ಕೈ ತಗೊಂಡು ನಾ ಏನ ಮಾಡ್ಲಿ?" ಎಂದು ಶಿವಾನಿ ನನ್ನ ಮುಂದೆ ಬಂದು ಕೂತಳು. ಕೂತವಳು ಮತ್ತೆ ಎದ್ದಳು. ಕಿಟಕಿಗೆ ಹೋದಳು, ಬಂದಳು. ನೋಡಿ ನೋಡಿ ನನಗೇ ಸಂಕಟವಾಯಿತು.

ಕೊನೆಗೆ ತಾನೇ ಒಂದು ದಾರಿ ಹುಡುಕಿದಳು. ಲಗ್ನದಲ್ಲಿ ಹೆಣ್ಣಿನ ಕಡೆಯವರು ತಮ್ಮ ಕೈಯಿಂದ ಮಾಡಿದ ಉಂಡಿ, ಗೊಂಬೆ, ಹೂಮಾಲೆಗಳನ್ನು ಮೇಜಿನ ಮೇಲೆ ಹೊಂದಿಸಿ ಗಂಡಿನವರಿಗೆ ತೋರಿಸುವ ಪದ್ಧತಿ ನಮ್ಮಲ್ಲಿದೆ, ರುಖವತ ಅನ್ನುತ್ತೇವೆ. ಅದರಲ್ಲಿ ಅವರದೇ ಬೊಲೆರೊ ಮಾಡಿ ಇಡುತ್ತೇನೆ ಅಂದಳು. ಅಕ್ಷತೆ ಬೀಳುವ ಮೊದಲೇ ತಾನು ಎಂಥವಳೆಂದು ಅವರಿಗೆ ಗೊತ್ತಾಗಿಬಿಡಲಿ, ಆಮೇಲೆ ಆದದ್ದಾಗಲಿ ಎಂಬ ಹಟ.

ಲಗ್ನ ನಿಲಂಗಾದ ಮಂಗಲ ಕಾರ್ಯಾಲಯದಲ್ಲಿ. ಗಾಡಿ ಮೇಜಿನ ಮೇಲೆ ಬಂತು. ನಂಬರು ಪ್ಲೇಟು, ಬಂಪರಿನ ಗೀರು, ಕನ್ನಡಿಗೆ ಕಟ್ಟಿದ ಕರಿದಾರ, ಯಾವುದನ್ನೂ ಬಿಟ್ಟಿರಲಿಲ್ಲ. ಎಡಬಾಗಿಲ ನೆಗ್ಗಂತೂ ಬೆರಳಿಟ್ಟು ನೋಡಬೇಕೆನಿಸುವಷ್ಟು ನಿಜವಾಗಿತ್ತು. ಪ್ರೇಮಕ್ಕ ಆ ಮಗ್ಗುಲನ್ನು ಗೋಡೆಗೆ ತಿರುಗಿಸಿ, ಕೇಳಿದವರಿಗೆಲ್ಲ "ನಮ್ಮ ಅಣ್ಣನ ಮಗ ಮಾಡ್ಯಾನ" ಎಂದು ಹೇಳತೊಡಗಿದಳು. ಶಿವಾನಿ ಅರಿಶಿನದ ಸೀರೆಯಲ್ಲೇ ಬಂದು ಗಾಡಿಯನ್ನು ಮತ್ತೆ ಈಚೆ ತಿರುಗಿಸಿದಳು.

ಅಷ್ಟರಲ್ಲಿ ಕಲ್ಯಾಣಪ್ಪ ಬಂದರು. ಗಾಡಿ ನೋಡಿ ಮುಖ ಅರಳಿತು. "ಅರೆ, ಇದು ನಮ್ಮದೇ ಅದ!" ಎಂದು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. "ಇದೇನು? ನಮ್ಮ ಬಾಗಲಾ ಯಾವಾಗ ನೆಗ್ಗ್ಯಾದ?"

ಸುತ್ತಲಿನವರು ನಕ್ಕರು. "ಸಣ್ಣ ಪೋರ ಮಾಡ್ಯಾನಂತ, ಕೈ ತಪ್ಪಿರಬೇಕು" ಎಂದರು ಯಾರೋ. ಪ್ರೇಮಕ್ಕ ಅದನ್ನೇ ಹಿಡಿದುಕೊಂಡು "ಹೌದ್ರೀ, ತಪ್ಪಾಗ್ಯಾದ" ಅಂದಳು.

"ಪೋರ ಅಲ್ಲ ರೀ, ನಾ ಮಾಡೀನಿ" ಅಂದಳು ಶಿವಾನಿ. "ಮತ್ತ ತಪ್ಪಾಗಿಲ್ಲ."

ಕಲ್ಯಾಣಪ್ಪ ಅವಳನ್ನೂ ನೋಡಿದರು, ಪ್ರೇಮಕ್ಕನನ್ನೂ ನೋಡಿದರು. "ನಮ್ಮ ಗಾಡಿ ಹೊರಗ ನಿಂತದ. ಯಾರರೆ ಹೋಗಿ ನೋಡ್ರಿ" ಅಂದರು. ನಾನೇ ಹೋದೆ. ಆ ಬಾಗಿಲು ಕನ್ನಡಿಯಂತೆ ನುಣ್ಣಗಿತ್ತು. ಎರಡೆರಡು ಸಲ ಕೈಯಾಡಿಸಿದೆ. ಒಳಗೆ ಬಂದರೆ ಎಲ್ಲರ ಕಣ್ಣೂ ನನ್ನ ಮೇಲೆಯೇ.

"ಬಾಗಲಾ ಸಾಫ್ ಅದ" ಅಂದೆ. ಇನ್ನೇನು ಹೇಳಲಿ?

ಶಿವಾನಿಯ ಮುಖ ಬಿಳಿಚಿಕೊಂಡಿತು. "ಅವತ್ತ ಇತ್ತು ರೀ. ನಾ ಕೈ ಹಚ್ಚಿ ನೋಡೀನಿ."

"ತಪ್ಪಾತು ಅನ್ನು, ಮುಗೀತದ" ಎಂದು ಪ್ರೇಮಕ್ಕ ಅವಳ ತೋಳು ಚಿವುಟಿದಳು. ಅಂದುಬಿಟ್ಟರೆ ನಿಜಕ್ಕೂ ಮುಗಿಯುತ್ತಿತ್ತು. ಎಲ್ಲರೂ ನಕ್ಕು ಊಟಕ್ಕೆ ಏಳುತ್ತಿದ್ದರು. ಆದರೆ ಆ ಮನೆಯಲ್ಲಿ ಇವಳ ಕೆಲಸ ಜೀವನಪೂರ್ತಿ ನಗೆಯ ಮಾತೇ ಆಗಿ ಉಳಿಯುತ್ತಿತ್ತು. ಅನ್ನಬೇಡ ಎಂದು ಒಳಗೊಳಗೇ ಬೇಡಿಕೊಂಡೆ.

"ಇದ್ದದ್ದೇ ಮಾಡೀನಿ" ಎಂದಳು ಅವಳು.

ಜನರ ಹಿಂದೆ ಋಷಿಕೇಶ ಬಾಸಿಂಗ ಕೈಯಲ್ಲಿ ಹಿಡಿದು ನಿಂತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ, ಸುಮ್ಮನಿದ್ದರೆ ಅವನ ತಂಟೆಗೆ ಯಾರೂ ಬರುತ್ತಿರಲಿಲ್ಲ. ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಅಪ್ಪಾ, ಆಕಿ ಖರೆ ಹೇಳ್ತಾಳ. ಉದಗೀರ ರಸ್ತಾದಾಗ ಕಬ್ಬಿನ ಟ್ರಾಲಿಗಿ ತಾಕ್ಸಿದ್ದೆ. ನೀವು ಬೈತೀರಂತ ಗೋಡಿ ಕಡಿ ಹಚ್ಚಿ ನಿಲ್ಲಸ್ತಿದ್ದೆ. ಆಮ್ಯಾಲ ಲಾತೂರಿಗಿ ಒಯ್ದು ರಿಪೇರಿ ಮಾಡಸ್ಕೊಂಡು ಬಂದೆ." ಮೇಜಿನ ಮೇಲಿನ ಗಾಡಿಯ ಕಡೆ ಕೈ ತೋರಿಸಿದ. "ಡೆಂಟ ನಾ ಮಾಡಿದ್ದು. ಗಾಡಿ ಆಕಿ ಮಾಡ್ಯಾಳ."

ಕಲ್ಯಾಣಪ್ಪನ ಮುಖ ಕೆಂಪಾಯಿತು. "ನಿನ್ನ ಹಿಸಾಬ ಮನ್ಯಾಗ ನೋಡ್ತೀನಿ" ಅಂದರು. ಮತ್ತೆ ಬಗ್ಗಿ, ಆ ನೆಗ್ಗಿನ ಮೇಲೆ ಹೆಬ್ಬೆರಳಿಟ್ಟು ಸವರಿದರು. ವಾಜಂತ್ರಿಯವರು ಹೊರಗೆ ಒಮ್ಮೆ ಊದಿ ನಿಲ್ಲಿಸಿದರು. ಭಟ್ಟರಂತೂ ಮುಹೂರ್ತ ಮುಹೂರ್ತ ಎಂದು ಕರೆಯುತ್ತಲೇ ಇದ್ದರು. ಈ ಮನುಷ್ಯ ಬಾಯಿ ಬಿಡುವಷ್ಟರಲ್ಲಿ ನನ್ನ ಜೀವ ಹೋದೀತು ಅನಿಸಿತು.

"ಯವ್ವಾ," ಅಂದರು ಕೊನೆಗೆ ಶಿವಾನಿಗೆ, "ಇಂಥಾ ಸಣ್ಣ ಕೆಲಸಕ್ಕ ಬೆಳಕು ಭಾಳ ಬೇಕಾಗ್ತದಲಾ? ನಮ್ಮ ಮನ್ಯಾಗ ಎಲ್ಲಿ ಕೂಡ್ತಿ?"

ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಹುಡುಗಿಯ ಕಣ್ಣಿಂದ ಈಗ ನೀರು ಸುರಿಯುತ್ತಿತ್ತು. ಉತ್ತರ ನಾನೇ ಕೊಟ್ಟೆ.

"ಖಿಡಕಿ ಬಾಜೂಕ ಕೂಡ್ತಾಳ್ರೀ. ಮುಂಜಾನಿ ಬಿಸಿಲು ಬೀಳೋ ಕಡಿ."