ದುಖಾನ್ ಶಿಬಿರದಲ್ಲಿ ನನ್ನ ಜೋಡಿ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ದೋಹಾದಲ್ಲಿದ್ದ ನಾವು ಕರಾವಳಿಯ ಮಕ್ಕಳು ಎರಡು ಪಂಗಡವಾಗುತ್ತಿದ್ದೆವು. ವಿಮಾನ ಹತ್ತಿ ಊರಿಗೆ ಹೋಗುವವರು ಒಂದು. ಅಲ್ ಸದ್ದ್‌ನ ಫ್ಲ್ಯಾಟುಗಳಲ್ಲೇ ಉಳಿದು ಅಮ್ಮನ ತಲೆ ತಿನ್ನುವವರು ಇನ್ನೊಂದು. ಈ ಎರಡನೆಯವರಿಗಾಗಿ ನಮ್ಮವರೆಲ್ಲ ಸೇರಿ ದೋಹಾದಿಂದ ಗಂಟೆ ದೂರದ ಕಡಲತೀರದ ದುಖಾನ್‌ನಲ್ಲಿ ಒಂದು ವಾರದ ಶಿಬಿರ ನಡೆಸುತ್ತಿದ್ದರು. ಅಲ್ಲಿನ ತೈಲ ಕಂಪನಿಯ ಕ್ವಾರ್ಟರ್ಸ್‌ನಲ್ಲಿದ್ದ ಹಮೀದ್ ಅಂಕಲ್ ಹಾಲ್ ಕೊಡಿಸುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರೀಟಾ ಆಂಟಿ ನಮ್ಮನ್ನು ಆಳುತ್ತಿದ್ದರು. ಬೆಳಿಗ್ಗೆ ಬನ್ಸ್, ಸಂಜೆ ಗೋಳಿಬಜೆ, ನಡುವೆ ಲಗೋರಿ, ಕನ್ನಡ ಹಾಡು. ಹಾಲ್ ತುಂಬ ಕಾದ ಎಣ್ಣೆಯ, ಒದ್ದೆ ಟವೆಲಿನ ವಾಸನೆ.

ಕಟ್ಟುನಿಟ್ಟಿನ ನಿಯಮ ಒಂದೇ ಒಂದು. ಪ್ರತಿ ಮಗುವಿಗೂ ಒಂದು ಜೋಡಿ. ಆ ಜೋಡಿಯನ್ನು ಬಿಟ್ಟು ಕದಲುವಂತಿಲ್ಲ. ಬಸ್ಸು ಹೊರಡುವ ಮೊದಲು ಆಂಟಿ ಜೋಡಿಯ ನಂಬರು ಕೂಗಿದರೆ ಇಬ್ಬರಲ್ಲಿ ಒಬ್ಬರು "ಇಬ್ಬರೂ ಉಂಟು" ಅನ್ನಬೇಕು. ಆಂಟಿ ತಲೆ ಎಣಿಸುತ್ತಿರಲಿಲ್ಲ, ನಮ್ಮ ಮಾತನ್ನೇ ನಂಬುತ್ತಿದ್ದರು.

ನನಗೆ ಹತ್ತು ವರ್ಷವಾಗಿದ್ದಾಗ ನನ್ನ ಜೋಡಿ ಸಫಿಯಾ. ಉಳ್ಳಾಲದ ಕಡೆಯ ಬ್ಯಾರಿ ಹುಡುಗಿ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವಳು. ನಾನೋ ತಲೆಹರಟೆ. ಅವಳೆಂದರೆ ನನಗೆ ಜೀವ, ಆದರೂ ಅವಳ ಒಳ್ಳೆಯತನ ಕಂಡರೆ ಮೈ ಉರಿಯುತ್ತಿತ್ತು.

ಕೊನೆಯ ದಿನ ಬಿಸಿಲೇರುವ ಮೊದಲೇ ನಮ್ಮನ್ನು ಕಡಲಿಗೆ ಕರೆದುಕೊಂಡು ಹೋದರು. ನಾನು ಆರಿಸಿಟ್ಟ ಚಿಪ್ಪುಗಳನ್ನೆಲ್ಲ ಸಫಿಯಾ ಒಂದು ಪುಟ್ಟ ಮಗುವಿಗೆ ಕೊಟ್ಟುಬಿಟ್ಟಳು.

"ಅದು ನನ್ನದಲ್ವಾ?"

"ಪಾಪ, ಕೂಗ್ತಾ ಇತ್ತು ಮಾರಾಯ್ತಿ. ನಿನಗೆ ಬೇರೆ ಹೆಕ್ಕಿ ಕೊಡ್ತೇನೆ."

ನನಗೆ ಬೇರೆ ಬೇಕಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಎರಡು ಬಾಗಿಲಿದ್ದವು. ಕಡಲಿನ ಕಡೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿ, "ಇಲ್ಲೇ ಇರು, ಬರ್ತೇನೆ" ಎಂದು ಒಳಗೆ ಹೋದೆ. ರಸ್ತೆಯ ಕಡೆಯ ಬಾಗಿಲಿನಿಂದ ಹೊರಬಿದ್ದು ಸೀದಾ ಬಸ್ಸು ಹತ್ತಿದೆ. ಚಾಪೆ, ನೀರಿನ ಕ್ಯಾನು ತುಂಬಿಕೊಂಡು ಹಮೀದ್ ಅಂಕಲ್ ಕಾರು ಕೊನೆಗೆ ಬರುತ್ತದೆ, ಅವಳು ಅದರಲ್ಲಿ ಅಳುತ್ತ ಬರಲಿ ಎಂಬುದು ನನ್ನ ಲೆಕ್ಕಾಚಾರ. ಆಂಟಿ ನಮ್ಮ ನಂಬರು ಕೂಗಿದರು.

"ಇಬ್ಬರೂ ಉಂಟು," ಎಂದೆ.

ಹತ್ತು ನಿಮಿಷ ಕಳೆದಿರಬೇಕು. ಅಂಕಲ್ ಕಾರು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಮುಂದೆ ಹೋಯಿತು. ಕಿಟಕಿಯಲ್ಲಿ ಇಣುಕಿ ನೋಡಿದೆ. ಹಿಂದಿನ ಸೀಟಿನಲ್ಲಿ ಚಾಪೆಗಳು, ಮುಂದಿನ ಸೀಟಿನಲ್ಲಿ ಕ್ಯಾನು. ಸಫಿಯಾ ಇರಲಿಲ್ಲ.

ಹೊರಗೆ ಮರಳು ಆಗಲೇ ಬಿಳಿಯಾಗಿ ಉರಿಯುತ್ತಿತ್ತು. ಕಿಟಕಿಯ ಗಾಜು ಮುಟ್ಟಿದರೆ ಬೆರಳು ಸುಡುತ್ತಿತ್ತು. ಹೇಳಿದರೆ ಆಂಟಿ ನನ್ನನ್ನು ಬಿಡುವುದಿಲ್ಲ. ಹೇಳದಿದ್ದರೆ? ಅವಳ ಹತ್ತಿರ ನೀರಿನ ಬಾಟ್ಲಿಯೂ ಇರಲಿಲ್ಲ, ಅದು ನನ್ನ ಬ್ಯಾಗಿನಲ್ಲೇ ಇತ್ತು. ಈಗ ಹೇಳುತ್ತೇನೆ, ಆ ಕಂಬ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತ ಎಷ್ಟು ಕಂಬಗಳನ್ನು ಬಿಟ್ಟೆನೋ. ಕೊನೆಗೆ ಕಿರುಚಿಯೇಬಿಟ್ಟೆ.

"ಆಂಟೀ, ಸಫಿಯಾ ಇಲ್ಲ!"

ಬಸ್ಸು ತಿರುಗಿತು. ಆಂಟಿ ಡ್ರೈವರನಿಗೆ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತಲೇ ಜಪಮಾಲೆ ಎಣಿಸುತ್ತಿದ್ದರು.

ಸಫಿಯಾ ಕಡಲಿನ ಕಡೆಯ ಅದೇ ಬಾಗಿಲಲ್ಲಿ, ರಸ್ತೆಗೆ ಕಾಣದ ಹಾಗೆ, ಗೋಡೆಗೆ ಒರಗಿ ಕೂತಿದ್ದಳು. ನೆರಳು ಅವಳನ್ನು ಬಿಟ್ಟು ಸರಿದಿತ್ತು. ಮುಖ ಕೆಂಪಡರಿ, ತುಟಿ ಬಿಳುಚಿತ್ತು. ಆಂಟಿ ಓಡಿ ಎತ್ತಿಕೊಂಡರು, ತಲೆಗೆ ನೀರು ಹೊಯ್ದರು. ಕಣ್ಣು ತೆರೆದು ಅವಳು ಮೊದಲು ನನ್ನನ್ನೇ ಹುಡುಕಿದಳು, ನನಗಷ್ಟೇ ಕೇಳುವ ಹಾಗೆ ಪಿಸುಗುಟ್ಟಿದಳು.

"ನೀನು ಒಳಗೇ ಇದ್ದೀ ಅಂತ... ನಿನ್ನನ್ನು ಬಿಟ್ಟು ಹೇಗೆ ಬರುವುದು?"

ಅಷ್ಟರಲ್ಲಿ ಹಿಂದೆ ಬಸ್ಸು ಕಾಣದೆ ಅಂಕಲ್ ಕೂಡ ಕಾರು ತಿರುಗಿಸಿಕೊಂಡು ಬಂದರು. "ಎಂತ ಇದು? ಇಬ್ಬರೂ ಉಂಟು ಅಂತ ಯಾರು ಹೇಳಿದ್ದು?" ಎಂದು ನನ್ನನ್ನು ನೋಡಿದರು. ಸಫಿಯಾ ನನ್ನ ಮುಖ ನೋಡಿದಳು, ಎಲ್ಲ ಅರ್ಥವಾಯಿತೆಂದು ಕಾಣುತ್ತದೆ.

"ಅಂಕಲ್, ನಿಮ್ಮ ಕಾರಲ್ಲಿ ಬರ್ತೇನೆ ಅಂತ ನಾನೇ ಹೇಳಿದ್ದು. ಅವಳದ್ದು ತಪ್ಪಿಲ್ಲ."

ಅದೇ ದಿನ ಅವಳ ಅಪ್ಪ ಬಂದು ಎಲ್ಲರೆದುರು ಅವಳಿಗೆ ಬೈದು ಕರೆದುಕೊಂಡು ಹೋದರು. ನಾನು ಬನ್ಸ್ ಕೈಯಲ್ಲಿ ಹಿಡಿದು ನಿಂತಿದ್ದೆ. ಮುಂದಿನ ವರ್ಷ ಯಾರೂ ಮಕ್ಕಳನ್ನು ಕಳಿಸಲು ಒಪ್ಪಲಿಲ್ಲ, ಶಿಬಿರ ಅಲ್ಲಿಗೇ ಖಲಾಸ್. ಸಫಿಯಾಳ ಮನೆಯವರು ಬೇರೆ ದೇಶಕ್ಕೆ ಹೋದರು.

ಈಗ ನಾನು ದೋಹಾದ ವೆಸ್ಟ್ ಬೇಯ ಆಫೀಸಿನಲ್ಲಿ ಕೂತು ಫೋನು ನೋಡಿದರೆ ಸಾಕು, ನನ್ನ ಮಗಳು ಯಾವ ಮಾಲಿನ ಯಾವ ಸಮ್ಮರ್ ಕ್ಯಾಂಪಿನಲ್ಲಿದ್ದಾಳೆಂದು ಅವಳ ಕೈಗಡಿಯಾರ ಹೇಳುತ್ತದೆ. ಅವಳು ಎಲ್ಲೂ ತಪ್ಪಿಹೋಗಲಾರಳು, ಅಷ್ಟು ನೆಮ್ಮದಿ ನನಗಿದೆ. ಆದರೆ ಅಲ್ಲಿ ಪಕ್ಕದಲ್ಲಿ ಕೂರುವ ಹುಡುಗಿಯ ಹೆಸರೇನೆಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ನನಗೆ ಪಕ್ಕದಲ್ಲಿ ಒಬ್ಬಳು ಜೋಡಿ ಸಿಕ್ಕಿದ್ದಳು. ಅವಳು ನನಗಾಗಿ ಹೇಳಿದ ಸುಳ್ಳನ್ನು ಅವಳ ಅಪ್ಪನ ಎದುರು ನಾನು ತಿದ್ದಲಿಲ್ಲ.