ಬೋರಲು ಗಡಿಗೆಯ ಒರತೆ

ಅತ್ತೆಯ ಕಾಲುಂಗುರಗಳು ದಪ್ಪ ಬೆಳ್ಳಿಯವು. ಬಂಡೆ ಹಾಸಿದ ನಮ್ಮ ನಡುಮನೆಯಲ್ಲಿ ಆಕೆ ಹೆಜ್ಜೆ ಇಟ್ಟರೆ ಟಕ್ಕೆನ್ನುತ್ತಿದ್ದವು. ನಿಂತರೂ ಟಕ್ಕೆನ್ನುತ್ತಿದ್ದವು, ಏಕೆಂದರೆ ನಿಂತಲ್ಲೂ ಆಕೆಯ ಕಾಲ್ಬೆರಳುಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಆಕೆ ಮನೆಯ ಯಾವ ಮೂಲೆಯಲ್ಲಿದ್ದಾಳೆಂದು ನಾನು ಹೇಳಬಲ್ಲವಳಾಗಿದ್ದೆ.

ಆಕೆ ನಮ್ಮ ಅಪ್ಪನ ಅಕ್ಕ. ಹಗರಿ ದಂಡೆಯ ಒಂದು ಹಳ್ಳಿಗೆ, ಈಗ ಭೈರವಾನಿತಿಪ್ಪದ ಕಟ್ಟೆ ಕಟ್ಟಿರುವ ಕಡೆಗೆ, ಕೊಟ್ಟಿದ್ದರು. ಮದುವೆಯಾದ ಮರುವರ್ಷವೇ ಗಂಡ ದುಡಿಯಲು ಕರಾವಳಿಗೆ ಹೋಗುತ್ತೇನೆಂದು ಹೊರಟವನು ತಿರುಗಿ ಬರಲಿಲ್ಲ. ಅತ್ತೆ ರಾಯದುರ್ಗದ ನಮ್ಮ ಮನೆಗೆ ಬಂದು ಉಳಿದಳು. ಆಗ ನಮ್ಮದು ಬಳ್ಳಾರಿ ಜಿಲ್ಲೆ, ಮದರಾಸಿನ ಸರ್ಕಾರ. ಓಣಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಅತ್ತೆ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಹೋಗಿ “ಯಾರದು?” ಎನ್ನುತ್ತಿದ್ದಳು. ಊಟವೂ ನಿಂತೇ. “ಕುಂತು ಉಣ್ರಿ ಅಕ್ಕಾರ, ಮುದ್ದಿಗೇನು ಕಾಲು ಬಂದಾವಾ ಓಡಿ ಹೋಗಾಕ?” ಎಂದು ಅಮ್ಮ ನಗುತ್ತಿದ್ದಳು. ಅತ್ತೆಯೂ ನಗುತ್ತಿದ್ದಳು, ಆದರೆ ಕೂರುತ್ತಿರಲಿಲ್ಲ.

ನನಗೆ ಕಥೆ ಹೇಳೆಂದರೆ ಹೊಳೆಯ ವಿಷಯವನ್ನೇ ಹೇಳುತ್ತಿದ್ದಳು. ಬೇಸಿಗೆಯಲ್ಲಿ ಹಗರಿಯಲ್ಲಿ ಮರಳಲ್ಲದೆ ಬೇರೇನೂ ಇರುವುದಿಲ್ಲ. ಕುಡಿಯುವ ನೀರಿಗೆ ಮರಳು ತೋಡಿ ಒರತೆ ಮಾಡಬೇಕು. ಮರಳು ಕುಸಿಯದಂತೆ ಬುಡ ಒಡೆದ ಗಡಿಗೆಯೊಂದನ್ನು ಅದರಲ್ಲಿ ಹೂಳುತ್ತಾರೆ. ಎಲ್ಲರೂ ಗಡಿಗೆಯ ಬಾಯನ್ನು ಮೇಲೆ ಮಾಡಿದರೆ, ಅತ್ತೆಯ ಗಂಡನ ಮನೆಯವರು ಮಾತ್ರ ಬೋರಲು ಹೂಳುತ್ತಿದ್ದರಂತೆ. ಕೊರಳು ಕೆಳಗೆ, ಅಗಲವಾದ ಬುಡ ಮೇಲೆ. ಮಕ್ಕಳೂ ಕೈ ಹಾಕಿ ತೆಂಗಿನ ಚಿಪ್ಪಿನಲ್ಲಿ ಮೊಗೆಯಬಹುದು. ಮೊದಲ ಚಿಪ್ಪಿನ ನೀರನ್ನು “ಇದು ಹೊಳೆವ್ವಗ” ಎಂದು ಮರಳಿಗೇ ಚೆಲ್ಲಬೇಕು. ಊರವರು ಅವರನ್ನು ಬೋರಲು ಗಡಿಗೆಯವರೆಂದು ಆಡಿಕೊಳ್ಳುತ್ತಿದ್ದರಂತೆ. ಗಂಡನ ಹೆಸರು ಹೇಳಬಾರದಲ್ಲ, ಅತ್ತೆ ಆ ಗಡಿಗೆಯ ಮಾತಿನಲ್ಲೇ ಅವನನ್ನು ನೆನೆಯುತ್ತಿದ್ದಳು.

ವರ್ಷಗಳು ಕಳೆದಂತೆ ನಮ್ಮವರಲ್ಲಿ ಮಾತು ಶುರುವಾಯಿತು. ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ಕ್ರಿಯೆ ಮಾಡಿ ಮುಗಿಸಬೇಕು, ಹೆಂಡತಿ ಕುಂಕುಮ, ಕಾಲುಂಗುರ ತೆಗೆಯಬೇಕು ಎಂಬುದು ಹಿರಿಯರ ಪಟ್ಟು. ಆ ಗಡುವು ದಾಟಿ ಎಷ್ಟೋ ವರ್ಷಗಳಾಗಿದ್ದರೂ ಅಪ್ಪ ದಿನ ದೂಡುತ್ತಿದ್ದರು. ಅಷ್ಟರಲ್ಲಿ ಮಡಕಶಿರದ ಕಡೆಯ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ನಮ್ಮ ಜಗಲಿಯಲ್ಲಿ ಕೂತು, ನೆಲ್ಲೂರಿನಾಚೆ ಒಂದು ಸಣ್ಣ ರೇವಿನಲ್ಲಿ ಉಪ್ಪು ತೂಗುವವನೊಬ್ಬನನ್ನು ಕಂಡೆ ಎಂದರು. “ನಿಮ್ ಕಡೆಯೋನೇ ಕಣಣ್ಣ, ಮಾತ್ ಕೇಳಿದ್ರೇ ಗೊತ್ತಾಗ್ತೈತೆ.” ಒಳಗೆ ಟಕ್ಕೆನ್ನುವುದು ನಿಂತಿತು.

ಸಮುದ್ರಸ್ನಾನವೆಂದು ಊರಿಗೆ ಹೇಳಿ ನಾವು ನಾಲ್ವರೂ ಹೊರಟೆವು. ಅವನು ಸಿಕ್ಕರೆ ಕೈ ಹಿಡಿದು ಕರೆತರುವುದು, ಅಲ್ಲವಾದರೆ ಬಂದು ಕ್ರಿಯೆ ಮಾಡಿಸುವುದು ಎಂದು ಅಪ್ಪ ಹಿರಿಯರಿಗೆ ಮಾತು ಕೊಟ್ಟಿದ್ದರು. ಆದರೆ ಅತ್ತೆಯ ಮದುವೆಯಲ್ಲಿ ಅಪ್ಪ ಚಿಕ್ಕ ಹುಡುಗ. ಭಾವನ ಮುಖ ಅವರಿಗೇ ನೆನಪಿರಲಿಲ್ಲ. ಗುರುತು ಹೇಳಬೇಕಾದವಳು ಅತ್ತೆಯೊಬ್ಬಳೇ.

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ ನೆಲ್ಲೂರು ಸೇರಿ, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಸಾಗುವ ಕಾಲುವೆಗೆ ಬಂದು ಉಪ್ಪಿನ ದೋಣಿ ಹತ್ತಿದೆವು. ಹಾಯಿಗೆ ಗಾಳಿ ಸಿಗದೆ ದೋಣಿಯವರು ದಡಕ್ಕಿಳಿದು ಹಗ್ಗ ಹಿಡಿದು ಎಳೆಯುತ್ತಿದ್ದರು. ಅಮ್ಮ ಅಂಚನ್ನು ಎರಡೂ ಕೈಯಿಂದ ಹಿಡಿದು ಶಿವಶಿವಾ ಎನ್ನುತ್ತಿದ್ದಳು. “ಭಯಮೈತೇ ದಿಗಿ ನಡವಂಡಮ್ಮಾ, ಮೋಕಾಲು ಲೋತೇ” ಎಂದು ದೋಣಿಯವನು ಕುಚೋದ್ಯ ಮಾಡಿದ. ಹೆದರಿಕೆಯಾದರೆ ಇಳಿದು ನಡೆಯಿರಿ, ಮೊಣಕಾಲುದ್ದವೇ ನೀರು ಎಂದು. ಅತ್ತೆ ನಿಜವಾಗಿಯೂ ಇಳಿಯುವವಳಂತೆ ಎದ್ದು ನಿಂತಳು. ಅಪ್ಪ ಸೆರಗು ಹಿಡಿದು ಕೂರಿಸಿದರು. ಮತ್ತೆ ಎದ್ದಳು. ಹಲಗೆಯ ಮೇಲೆ ಆ ಉಂಗುರಗಳ ಸದ್ದು ಬೇರೆಯಾಗಿತ್ತು, ಬಾಗಿಲು ತಟ್ಟಿದ ಹಾಗೆ. ಕೊನೆಗೆ ದೋಣಿಯವನೇ, ಈ ತಾಯಿ ಕೂತರೆ ದೋಣಿ ಬೇಗ ಸಾಗುತ್ತದೆ ಎಂದ.

ದಾರಿ ಉದ್ದವಾಗಿ, ಅಮ್ಮ ಊರಿನಿಂದ ಹೊತ್ತು ತಂದಿದ್ದ ಬಿಂದಿಗೆಯ ನೀರು ತೀರಿತು. ರೇವು ಸೇರಿದೊಡನೆ ಅಪ್ಪ ಉಪ್ಪಿನ ರಾಶಿಗಳ ಕಡೆಗೆ ವಿಚಾರಿಸಲು ಹೋದರು. ಅಮ್ಮ ತಲೆ ತಿರುಗುತ್ತದೆಂದು ಬಲೆಗಳ ನೆರಳಲ್ಲಿ ಮಲಗಿದಳು. ಬಿಂದಿಗೆ ಹಿಡಿದು ಅತ್ತೆ ಮತ್ತು ನಾನು ನೀರಿಗೆ ಹೊರಟೆವು. ಮರಳ ದಿಬ್ಬದ ಹಿಂದೆ ಹೋಗಿ ಎಂದು ಮೀನು ಒಣಗಿಸುತ್ತಿದ್ದ ಹೆಂಗಸು ಕೈ ತೋರಿಸಿದಳು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಾಲೇಜಿನ ದಿನಗಳಲ್ಲಿ ಡೈರಿಯಲ್ಲಿ ಇದನ್ನು ಬರೆದಾಗ ದಿಬ್ಬದ ಹಿಂದಿನ ಒರತೆಯ ಗಡಿಗೆ ಕೆಂಪಗಿತ್ತೆಂದು ಬರೆದಿದ್ದೇನೆ. ಈಗ ಅದು ಕಪ್ಪಾಗಿ ಕಾಣುತ್ತದೆ. ಆದರೆ ಅದು ಬೋರಲಾಗಿತ್ತು. ಕೊರಳು ಕೆಳಗೆ, ಒಡೆದ ಬುಡ ಮೇಲೆ. ಅತ್ತೆ ಅದನ್ನು ನೋಡುತ್ತ ನಿಂತಳು. ಕಾಲ್ಬೆರಳುಗಳೂ ನಿಂತಿದ್ದವು.

ನನಗಿಂತ ಸಣ್ಣವಳೊಬ್ಬಳು ಕೊಡ ಹೊತ್ತು ಬಂದಳು. ಚಿಪ್ಪಿನಿಂದ ಮೊಗೆದು, “ಇದು ಹೊಳೆವ್ವಗ” ಎಂದು ಮೊದಲ ನೀರನ್ನು ಮರಳಿಗೆ ಚೆಲ್ಲಿದಳು. ಅದಷ್ಟೇ ಕನ್ನಡ, ಉಳಿದದ್ದೆಲ್ಲ ತೆಲುಗು. ಅತ್ತೆ ತೆಲುಗಿನಲ್ಲೇ, ಇದನ್ನು ಯಾರು ಕಲಿಸಿದರೆಂದು ಕೇಳಿದಳು. “ಮಾ ನಾಯನ,” ನಮ್ಮಪ್ಪ, ಎಂದು ಹುಡುಗಿ ರಾಶಿಗಳ ಕಡೆ ಗದ್ದದಿಂದಲೇ ತೋರಿಸಿದಳು. ದಿಬ್ಬದ ಅಂಚಿನಾಚೆ ಗಡ್ಡದವನೊಬ್ಬ ತಕ್ಕಡಿಯ ಮುಂದೆ ಬಗ್ಗಿದ್ದ. ತನ್ನ ಅಪ್ಪನನ್ನು ಕರೆಯಲೇ ಎಂದು ಹುಡುಗಿ ಕೇಳಿದಳು.

“ಬ್ಯಾಡವ್ವ,” ಎಂದಳು ಅತ್ತೆ. ಕನ್ನಡದಲ್ಲಿ. ಆಮೇಲೆ ಬೊಗಸೆ ಒಡ್ಡಿದಳು. ಹುಡುಗಿ ಹೊಯ್ದಳು. ಅತ್ತೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಕುಡಿದಳು. ಆಕೆ ಕೂತದ್ದನ್ನು ನೋಡಿ ನನಗೆ ಯಾಕೋ ಹೆದರಿಕೆಯಾಯಿತು.

ಅಪ್ಪ ಏದುಸಿರು ಬಿಡುತ್ತ ಬಂದರು. ಒಬ್ಬನಿದ್ದಾನೆ, ಎಲ್ಲಿಯವನೆಂದು ಕೇಳಿದರೆ ಬಾಯಿ ಬಿಡುವುದಿಲ್ಲ, ನೀನೇ ಬಂದು ನೋಡು ಎಂದರು. ಅತ್ತೆ ದಿಬ್ಬ ದಾಟಲಿಲ್ಲ. ಅಲ್ಲಿಂದಲೇ ನೋಡಿ, “ಅವ್ರಲ್ಲ,” ಎಂದಳು.

“ಸರಿಯಾಗಿ ನೋಡಕ್ಕಾ. ಊರಿಗೆ ಹೋಗಿ ಏನು ಮಾಡಬೇಕಾಗ್ತದ ಗೊತ್ತದಲ್ಲ ನಿನಗ?”

“ಗೊತ್ತದ ತಮ್ಮಾ. ನೋಡೀನಿ. ನಮ್ಮವರಲ್ಲ. ನಡಿ, ದೋಣಿ ಹೋದೀತು.”

ಅಪ್ಪನೊಡನೆ ಮಾತಾಡಿದಷ್ಟು ಹೊತ್ತೂ ನನ್ನ ಮುಂಗೈ ಆಕೆಯ ಹಿಡಿತದಲ್ಲಿತ್ತು. ಅದು ನನ್ನನ್ನು ಸುಮ್ಮನಿರಿಸಲಿಕ್ಕೋ, ತನ್ನನ್ನು ನಿಲ್ಲಿಸಿಕೊಳ್ಳಲಿಕ್ಕೋ, ಇಂದಿಗೂ ತಿಳಿಯದು.

ಊರಿಗೆ ಬಂದು ಕ್ರಿಯೆ ಆಯಿತು. ಕಾಲುಂಗುರ ತೆಗೆಯಲು ಬಂದ ಹೆಂಗಸರನ್ನು ತಡೆದು ಅತ್ತೆ ತಾನೇ ಸೋಪು ಹಚ್ಚಿ ಬಿಚ್ಚಿ ಅಮ್ಮನ ಕೈಗಿಟ್ಟಳು. ಆಕೆಯ ಓಡಾಟ ಮಾತ್ರ ನಿಲ್ಲಲಿಲ್ಲ. ಈಗ ಸದ್ದಿಲ್ಲದೆ ಓಡಾಡುತ್ತಿದ್ದಳು. ತಿರುಗಿ ನೋಡಿದರೆ ಬೆನ್ನ ಹಿಂದೆಯೇ ಇರುತ್ತಿದ್ದಳು. “ಯಾರದು?” ಎಂದು ಕೇಳುವುದನ್ನು ಬಿಟ್ಟಳು. ಬಾಗಿಲಿಗೆ ಹೋಗುವ ಚಡಪಡಿಕೆ ನನ್ನ ಮೇಲೆ ತಿರುಗಿತು. ಓದಿದೆಯಾ, ಬರೆದೆಯಾ, ಮುಂದಿನ ಪುಸ್ತಕ ಯಾವಾಗ ಎಂದು ಪೀಡಿಸುತ್ತಿದ್ದಳು. ಸ್ಕೂಲ್ ಫೈನಲ್ ಮುಗಿದು ನನಗೆ ಗಂಡು ಗೊತ್ತು ಮಾಡಿ, ಅವನಿಗೆ ಕೆಲಸ ಸಿಗುವವರೆಗೆ ಇವಳು ಮನೆಯಲ್ಲಿರಲಿ ಎಂದು ಅಪ್ಪ ಹೇಳಿದ ದಿನ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿದಳು:

“ಕಾಯೋದು ಕಲಿಸಬ್ಯಾಡ ತಮ್ಮಾ ಆಕಿಗೆ. ಓದಾಕ ಕಳಿಸು.”

ಅಪ್ಪ ಒಪ್ಪಿದರು. ನಾನು ಮದರಾಸಿಗೆ ಹೋದೆ. ಅಲ್ಲಿ ಕಲಿತ ವಿದ್ಯೆ ಎಲ್ಲವನ್ನೂ ಅನುಮಾನಿಸುವುದನ್ನು ಹೇಳಿಕೊಟ್ಟಿತು. ಆ ಹುಡುಗಿ ಕನ್ನಡ ಆಡಿದ್ದು ನಿಜವೇ, ಅಥವಾ ಅತ್ತೆಯ ಕಥೆಗಳನ್ನೇ ನಾನು ಆ ಮರಳಿನಲ್ಲಿ ಹೂತಿಟ್ಟೆನೇ? ಅಮ್ಮನನ್ನು ಕೇಳಿದರೆ, ಅಲ್ಲಿ ಯಾವ ಹುಡುಗಿಯೂ ಇರಲಿಲ್ಲ ಎನ್ನುತ್ತಾಳೆ. ಆದರೆ ಅಮ್ಮ ದಿಬ್ಬದ ಹಿಂದೆ ಬಂದೇ ಇರಲಿಲ್ಲ. ಅತ್ತೆಯನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಕೊನೆಯ ಬೇಸಿಗೆಯಲ್ಲಿ ಆಕೆ ಹಾಸಿಗೆ ಹಿಡಿದಾಗ ರಜೆ ಹಾಕಿ ಬಂದೆ. ಹೊದಿಕೆಯ ಕೆಳಗೆ ಕಾಲ್ಬೆರಳುಗಳು ಅಲುಗುತ್ತಲೇ ಇದ್ದವು. ಒಂದು ಮಧ್ಯಾಹ್ನ ಚಮಚದಲ್ಲಿ ನೀರು ಹಾಕಿದೆ. ನುಂಗಿ, ಯಾವ ಬಾವಿಯದೆಂದು ಕೇಳಿದಳು. ಹೇಳಿದೆ. ಮುಖ ಕಿವುಚಿದಳು.

“ಆ ಹುಡುಗಿ ಹಾಕಿದ ನೀರು ಸೀ ಇದ್ವು,” ಎಂದಳು.

ಎರಡು ದಿನಕ್ಕೆ ತೀರಿಕೊಂಡಳು. ಸ್ನಾನ ಮಾಡಿಸುವಾಗ ಪಾದಗಳನ್ನು ನಾನು ತೊಳೆದೆ. ಎರಡನೆಯ ಬೆರಳುಗಳಲ್ಲಿ ಉಂಗುರ ಕೂತಿದ್ದ ಜಾಗ ಇನ್ನೂ ತಗ್ಗಾಗಿಯೇ ಇತ್ತು. ಮೊದಲ ಚೊಂಬಿನ ನೀರನ್ನು, ಯಾರಿಗೂ ಕೇಳಿಸದ ಹಾಗೆ ಹೊಳೆವ್ವನ ಹೆಸರು ಹೇಳಿ, ನೆಲಕ್ಕೆ ಚೆಲ್ಲಿದೆ.